ಹೆಂಡತಿಯ ಹೆಸರಿನಲ್ಲಿ ಪುಕ್ಕಟೆ ಬಾಜಿ

ಜೂಜಿನ ಕಂಪನಿಗಳ ಮೇಲೆ ಕಣ್ಣಿಡುವುದಕ್ಕೆಂದೇ ಸಂಬಳ ಪಡೆಯುತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ಊಟದ ಮೇಜಿನ ಮೇಲೆ ನನ್ನ ಹೆಂಡತಿಯ ಫೋನು ಟಿಣ್ ಎಂದರೆ ನನ್ನ ಕೈಯಲ್ಲಿರುವ ಚಮಚ ತಟ್ಟೆಗೆ ಬೀಳುತ್ತದೆ. ನಾನು ಮೂವತ್ತೊಂದು ವರ್ಷದಿಂದ ಗ್ರಿಮ್ಸ್‌ಬಿ ಬಂದರಿನ ಮಾರುಕಟ್ಟೆಯಲ್ಲಿ ಮೀನು ಸೀಳುವ ಕೆಲಸ ಮಾಡುತ್ತಿದ್ದೇನೆ. ಚಾಕು ಕೂದಲಿಗಿಂತ ಚೂಪು, ಕಟ್ಟೆಯೆಲ್ಲ ಐಸು, ಆದರೂ ಹತ್ತು ಬೆರಳೂ ಇನ್ನೂ ನನ್ನವೇ. ಅಂಥ ಕೈಯಿಂದ ಚಮಚ ಜಾರುತ್ತಿದೆ. ಕಾರಣ ನೀವು ದಿನವೂ ಬಸ್ಸಿನ ಮೇಲೆ, ಟೀವಿಯಲ್ಲಿ, ಫುಟ್ಬಾಲ್ ಆಟಗಾರನ ಎದೆಯ ಮೇಲೆ ಓದಿ ಸುಮ್ಮನಿರುವ ಒಂದು ಮಾತು: ಫ್ರೀ ಬೆಟ್. ಪುಕ್ಕಟೆ ಬಾಜಿ. ಅದು ಪುಕ್ಕಟೆ ಅಲ್ಲ ಎಂದು ನಿಮಗೆ ಗೊತ್ತು. ನನಗೂ ಈಗ ಗೊತ್ತಾಗಿದೆ. ನನ್ನ ಹೆಂಡತಿ ಲೊರೇನ್‌ಗೆ ಮಾತ್ರ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಅದೇ ನನ್ನ ಭಯ.

ನಾನು ಹದಿನೈದಕ್ಕೇ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ. ಮಾರುಕಟ್ಟೆಯಲ್ಲಿ ನನ್ನನ್ನು ಜೋಕರ್ ಎನ್ನುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ನಗು ಬಂದರೆ ನಕ್ಕುಬಿಡಿ, ಆಮೇಲೆ ಮುಂದಕ್ಕೆ ಓದಿ.

ನಮ್ಮ ಮನೆಯಲ್ಲಿ ಜೂಜು ಎಂದರೆ ವರ್ಷಕ್ಕೆ ಒಂದು ದಿನ. ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟ. ಇಡೀ ದೇಶದ ಹಾಗೆ ನಾವೂ ಅಂಗಡಿಗೆ ಹೋಗಿ ತಲಾ ಎರಡು ಪೌಂಡ್ ಕಟ್ಟುತ್ತಿದ್ದೆವು. ಸವಾರನ ಅಂಗಿಯ ಬಣ್ಣ ನೋಡಿ ಲೊರೇನ್ ಕುದುರೆ ಆರಿಸುತ್ತಿದ್ದಳು. ಸೋತರೆ ನಗು, ಗೆದ್ದರೆ ಎಲ್ಲರಿಗೂ ಚಿಪ್ಸ್. ಕಳೆದ ಏಪ್ರಿಲ್‌ನಲ್ಲಿ ಫೋನಿನಲ್ಲಿ ಜಾಹೀರಾತು ಬಂತು: ಹತ್ತು ಪೌಂಡ್ ಕಟ್ಟಿ, ಮೂವತ್ತು ಪೌಂಡಿನ ಬಾಜಿ ಪುಕ್ಕಟೆ. ಹೊಸ ಗಿರಾಕಿಗಳಿಗೆ ಮಾತ್ರ. ನನ್ನ ಹೆಸರಿನ ಪುಕ್ಕಟೆಯನ್ನು ಬೆಳಿಗ್ಗೆಯೇ ತಿಂದು ಮುಗಿಸಿದ್ದೆ. ಪಕ್ಕದ ಕಟ್ಟೆಯಲ್ಲಿ ಕಾಡ್ ಮೀನಿನ ಚರ್ಮ ಸುಲಿಯುತ್ತಿದ್ದ ಡೆಸ್ ನಕ್ಕ.

"ಲೋ ನೆವ್, ನಿನಗೆ ಹೆಂಡ್ತಿ ಇಲ್ವೇನೋ?"

"ಇದಾಳೆ. ಅವಳು ಬೆಟ್ ಕಟ್ಟಲ್ಲ."

"ಅವಳು ಯಾಕೋ ಕಟ್ಬೇಕು? ಅವಳ ಹೆಸರು ಕಟ್ಟುತ್ತೆ! ನಾನು ನಮ್ಮತ್ತೆ ಹೆಸರಲ್ಲೂ ತೆಗ್ದಿದೀನಿ. ಪಾಪ, ಅವರು ಚರ್ಚಲ್ಲಿ ಹಾಡ್ತಾರೆ."

ನಮ್ಮ ಮಾರುಕಟ್ಟೆಯಲ್ಲಿ ಇದಕ್ಕೆ 'ಹೆಂಡತಿ ಖಾತೆ' ಎಂದೇ ಹೆಸರು. ಮದುವೆಯಾದ ಯಾವ ಗಂಡಸೂ ಇದನ್ನು ತಪ್ಪು ಎಂದುಕೊಂಡಿಲ್ಲ. ಅಂದು ಸಂಜೆ ಲೊರೇನ್‌ಳ ಫೋನಿನಲ್ಲಿ, ಲೊರೇನ್‌ಳ ಕಾರ್ಡಿನಿಂದ, ನಾನೇ ಖಾತೆ ತೆರೆದೆ. "ನೀನು ಏನಾದ್ರೂ ಮಾಡ್ಕೋ, ನನ್ನ ಫೋಟೋ ಅಳಿಸ್ಬೇಡ" ಎಂದಳು. ಫೋಟೋ ಒಂದೂ ಅಳಿಸಲಿಲ್ಲ.

ಈಗ ಪುಕ್ಕಟೆಯ ಲೆಕ್ಕ ಕೇಳಿ. ಮೊದಲು ನಮ್ಮ ಸ್ವಂತ ಹತ್ತು ಪೌಂಡ್ ಕಟ್ಟಬೇಕು. ಅದು ಹೋಯಿತು. ಆಮೇಲೆ ಬರುವ ಮೂವತ್ತು ಹಣವಲ್ಲ, ಹತ್ತತ್ತರ ಮೂರು ಚೀಟಿ. ಒಂದಕ್ಕೆ ಮೂರು ಕೊಡುವ ಕುದುರೆಯ ಮೇಲೆ ನನ್ನ ಸ್ವಂತ ಹತ್ತು ಕಟ್ಟಿ ಗೆದ್ದರೆ ಮೂವತ್ತರ ಜೊತೆ ನನ್ನ ಹತ್ತೂ ವಾಪಸ್ ಬರುತ್ತದೆ. ಚೀಟಿ ಕಟ್ಟಿದರೆ ಮೂವತ್ತು ಮಾತ್ರ, ಹತ್ತು ಮಾಯ. ಎರಡನೆಯ ಚೀಟಿ ದುಡ್ಡಾಗಬೇಕಾದರೆ ಮೂರು ಪಂದ್ಯ ಒಟ್ಟಿಗೆ ಗೆಲ್ಲಬೇಕು. ಏಳು ದಿನದೊಳಗೆ ಬಳಸದಿದ್ದರೆ ಎಲ್ಲ ರದ್ದು. ಗೆದ್ದದ್ದನ್ನಾದರೂ ಮನೆಗೆ ತರೋಣ ಎಂದರೆ, ಅದನ್ನು ಐದು ಸಲ ಮತ್ತೆ ಬಾಜಿಗೆ ಕಟ್ಟುವವರೆಗೆ ಬೀಗ. ಇದೆಲ್ಲ ಬರೆದಿಲ್ಲವೇ? ಬರೆದಿದೆ ಸ್ವಾಮಿ. ಇರುವೆಗೆ ಕನ್ನಡಕ ಹಾಕಿದರೆ ಓದಬಹುದಾದ ಅಕ್ಷರದಲ್ಲಿ.

ನಾಳೆ ನಾನು 'ಹ್ಯಾಡಕ್ ಮೀನು ಪುಕ್ಕಟೆ' ಎಂದು ಬೋರ್ಡು ಹಾಕುತ್ತೇನೆ ಎಂದಿಟ್ಟುಕೊಳ್ಳಿ. ಮೊದಲು ಒಂದು ಮೀನು ದುಡ್ಡು ಕೊಟ್ಟು ಕೊಳ್ಳಬೇಕು, ಪುಕ್ಕಟೆ ಮೀನನ್ನು ನನ್ನ ಅಂಗಡಿಯಲ್ಲೇ ಬೇಯಿಸಬೇಕು, ತಿಂದು ಮಿಕ್ಕದ್ದನ್ನು ಮನೆಗೆ ಒಯ್ಯುವ ಮುಂಚೆ ಇನ್ನೂ ಐದು ಕೊಳ್ಳಬೇಕು. ನಗರಸಭೆಯವರು ಮಧ್ಯಾಹ್ನದೊಳಗೆ ನನ್ನ ಕಟ್ಟೆಗೆ ಬೀಗ ಹಾಕುವುದಿಲ್ಲವೇ? ಮೀನಿಗಿರುವ ಕಾನೂನು ಮನುಷ್ಯರಿಗೆ ಯಾಕಿಲ್ಲ?

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನಾನು ಸೋತು, ನಕ್ಕು, ಮರೆತುಬಿಟ್ಟೆ. ಕಂಪನಿ ಮರೆಯಲಿಲ್ಲ. ಅವರ ಪಟ್ಟಿಯಲ್ಲಿ ಲೊರೇನ್ ಇದ್ದಳು.

ಲೊರೇನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಂಜೆ ಹಳದಿ ಚೀಟಿ ಅಂಟಿಸಿ ಅರ್ಧ ಬೆಲೆಗೆ ಮಾರುತ್ತಾರಲ್ಲ, ಇಂದೇ ಮುಗಿಯುವ ಬ್ರೆಡ್ಡು, ಹಾಲು, ಕೋಳಿ? ನಮ್ಮ ಮನೆ ನಡೆಯುವುದೇ ಅದರಿಂದ. ಹಾಳಾಗುವ ವಸ್ತು ಕಂಡರೆ ಅವಳ ಜೀವ ತಡೆಯುವುದಿಲ್ಲ. ಅಂಥವಳಿಗೆ ಮೇ ತಿಂಗಳಲ್ಲಿ ಸಂದೇಶ ಬಂತು: ಲೊರೇನ್, ನಿಮ್ಮ ಐದು ಪೌಂಡಿನ ಫ್ರೀ ಬೆಟ್ ಇವತ್ತು ಐದು ಗಂಟೆಗೆ ಮುಗಿಯುತ್ತದೆ.

"ನೆವ್, ಇದು ಸುಮ್ನೆ ಹಾಳಾಗೋಗುತ್ತಲ್ಲೋ" ಎಂದಳು.

"ಹಾಳಾಗ್ಲಿ ಬಿಡೇ."

"ಐದು ಪೌಂಡ್ ಕಣೋ! ಐದು ಪೌಂಡಿಗೆ ಎರಡು ಕೋಳಿ ಬರುತ್ತೆ, ಹಳದಿ ಚೀಟೀದು."

ಕಟ್ಟಿದಳು. ಗೆದ್ದಳು. ಅದೇ ಕೆಟ್ಟದ್ದಾಯಿತು. ಗೆದ್ದದ್ದಕ್ಕೆ ಬೀಗ ಬಿತ್ತು. ಬೀಗ ತೆಗೆಯಲು ಮತ್ತೆ ಕಟ್ಟಿದಳು. ಅದರ ನಡುವೆ ಇನ್ನೊಂದು ಚೀಟಿ, ಅದಕ್ಕೆ ಇನ್ನೊಂದು ಗಡುವು. ಒಂದು ಭಾನುವಾರ ರೋಸ್ಟ್ ತಿನ್ನುವಾಗ ಗ್ರೇವಿ ಪಾತ್ರೆಗೆ ಫೋನು ಒರಗಿಸಿಕೊಂಡು ಏನೋ ನೋಡುತ್ತಿದ್ದಳು.

"ಏನೇ ಅದು?"

"ವಾಲಿಬಾಲ್. ಹೆಂಗಸರದು. ಟರ್ಕಿ ಅನ್ಸುತ್ತೆ."

"ನಿನಗೆ ವಾಲಿಬಾಲ್ ಗೊತ್ತಾ?"

"ಕೆಂಪು ಅಂಗಿಯವರು ಗೆಲ್ಬೇಕು, ಅಷ್ಟೇ. ಆಲೂಗಡ್ಡೆ ಈ ಕಡೆ ತಳ್ಳು."

ನಾನು ನಕ್ಕೆ. ಅಂದು ನಗಬಾರದಿತ್ತು.

ಸೆಪ್ಟೆಂಬರ್‌ನಲ್ಲಿ ಒಂದು ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿಗೆ ಹೋದವಳು ಎರಡು ತಾಸು ಕಳೆದರೂ ಬರಲಿಲ್ಲ. ಹುಡುಕಿಕೊಂಡು ನಡೆದೆ. ಕಾರು ಅಲ್ಲೇ ನಿಂತಿತ್ತು. ಒಳಗೆ ಲೊರೇನ್, ಸೀಟ್ ಬೆಲ್ಟ್ ಹಾಕಿಕೊಂಡೇ ಫೋನಿನಲ್ಲಿ ಕಣ್ಣು ನೆಟ್ಟು ಕೂತಿದ್ದಳು. ಹಿಂದಿನ ಸೀಟಿನಲ್ಲಿದ್ದ ಫ್ರೀಜರ್ ಬಟಾಣಿ ಕರಗಿ ನೀರು ಹರಿದಿತ್ತು. ಗಾಜು ತಟ್ಟಿದೆ. ತಿರುಗಲಿಲ್ಲ. ಬಾಗಿಲು ತೆಗೆದೆ.

"ಮಾತಾಡಿಸ್ಬೇಡ ನೆವ್. ಹನ್ನೊಂದು ನಿಮಿಷ ಇದೆ."

ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಎಲ್ಲ ಮುಖವನ್ನೂ ನೋಡಿದ್ದೇನೆ. ಹೆರಿಗೆಯ ಮುಖ, ಅವಳ ಅಮ್ಮ ಸತ್ತಾಗಿನ ಮುಖ, ಎಲ್ಲ. ಆ ಮುಖ ನೋಡಿರಲಿಲ್ಲ. ನನ್ನ ಹೆಂಡತಿಯ ಅಂಗಿ ತೊಟ್ಟು ಯಾರೋ ಕೂತ ಹಾಗಿತ್ತು. ಆ ಹನ್ನೊಂದು ನಿಮಿಷ ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತೆ. ಒಂದು ತಮಾಷೆಯೂ ನನಗೆ ತೋಚಲಿಲ್ಲ.

ಮಾರನೇ ದಿನ ಅವಳೇ "ಮುಚ್ಚಿಬಿಡೋಣ" ಎಂದಳು. ಇಬ್ಬರೂ ಕೂತು ಕಂಪನಿಯ ಸಹಾಯವಾಣಿಗೆ ಬರೆದೆವು. ಮಾರ್ಲನ್ ಎಂಬವನ ಉತ್ತರ ಅರ್ಧ ನಿಮಿಷದಲ್ಲಿ ಬಂತು: "ಹಾಯ್ ಲೊರೇನ್! ನೀವು ಹೊರಟಿದ್ದು ಕೇಳಿ ಬೇಜಾರಾಯ್ತು. ಹೋಗೋ ಮುಂಚೆ ನಿಮ್ಮ ಖಾತೆಗೆ ಇಪ್ಪತ್ತರ ಫ್ರೀ ಬೆಟ್ ಹಾಕಿದೀನಿ, ಮಜಾ ಮಾಡಿ!" ಈಗ ಮುಚ್ಚಿದರೆ ಬೀಗದೊಳಗಿನ ನೂರ ನಲವತ್ತು ಪೌಂಡ್ ಹೋಗುತ್ತದೆ ಎಂದೂ ಸೇರಿಸಿದ. ಲೊರೇನ್ ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಕುಡಿತ ಬಿಡುತ್ತೇನೆ ಎಂದು ಹೇಳಲು ಬಂದವನಿಗೆ ಬಾಗಿಲಲ್ಲೇ ಬಾಟಲಿ ಕೊಡುವುದನ್ನು ನಿಮ್ಮ ಕಚೇರಿಯಲ್ಲಿ ಏನೆಂದು ಕರೆಯುತ್ತೀರಿ, ಮಾನ್ಯರೇ? ಗ್ರಾಹಕ ಸೇವೆಯೇ?

ಎಲ್ಲ ಕಂಪನಿಗಳಿಂದಲೂ ಒಂದೇ ಸಲ ತನ್ನನ್ನು ಹೊರಗಿಡಿ ಎಂದು ಬರೆದುಕೊಡುವ ವ್ಯವಸ್ಥೆ ಈ ದೇಶದಲ್ಲಿದೆ, ನನಗೂ ಗೊತ್ತು. ಅರ್ಜಿ ತುಂಬಿಟ್ಟು ಮೂರು ವಾರವಾಯಿತು, ಕಳಿಸುವ ಗುಂಡಿಯನ್ನು ಮಾತ್ರ ಲೊರೇನ್ ಇನ್ನೂ ಒತ್ತಿಲ್ಲ. "ಆ ನೂರ ನಲವತ್ತು ಬಿಡಿಸ್ಕೊಂಡು ಒತ್ತುತ್ತೀನಿ" ಎನ್ನುತ್ತಾಳೆ. ಬಿಡಿಸಲು ಕಟ್ಟುತ್ತಾಳೆ. ನಿನ್ನೆ ಅವಳೇ ನನ್ನ ತೋಳು ಹಿಡಿದು, "ನನ್ನ ಕೈಲಿ ಆಗ್ತಿಲ್ಲ ಕಣೋ, ನೀನೇ ಏನಾದ್ರೂ ಮಾಡು" ಎಂದಳು.

ಅದಕ್ಕೇ ಇರುವೆ ಅಕ್ಷರವನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ಹದಿನಾಲ್ಕನೇ ನಿಯಮ: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಖಾತೆ ತೆರೆದದ್ದು ತಿಳಿದುಬಂದರೆ ಕಂಪನಿ ಆ ಖಾತೆಯನ್ನು ತಕ್ಷಣ ಮುಚ್ಚಿ ಅದರಲ್ಲಿರುವ ಹಣವನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳುತ್ತದೆ.

ಆದ್ದರಿಂದ ಊರ ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರದಲ್ಲಿ, ನನ್ನ ಹೆಸರು ಹಾಕಿ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಆ ಖಾತೆ ತೆರೆದವನು ನಾನು. ಅವಳಲ್ಲ. ಇದರ ಒಂದು ನಕಲು ಆ ಕಂಪನಿಗೂ ಹೋಗುತ್ತದೆ. ಅವರು ಇಷ್ಟು ದಿನ ಗಿರಾಕಿಗಳ ಮೇಲೆ ಹಾಕಿದ ನಿಯಮವನ್ನು ಈ ಸಲ ನಮಗೋಸ್ಕರ ಹಾಕಲಿ. ನೂರ ನಲವತ್ತೂ ಅವರೇ ಇಟ್ಟುಕೊಳ್ಳಲಿ. ಬಿಡಿಸಿಕೊಳ್ಳಲು ಏನೂ ಉಳಿಯದಿದ್ದರೆ ಅವಳು ಆ ಅರ್ಜಿಯ ಗುಂಡಿ ಒತ್ತುತ್ತಾಳೆ ಎಂದು ನಂಬಿದ್ದೇನೆ. ಒತ್ತದಿದ್ದರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಇದನ್ನು ಅವಳಿಗೆ ಓದಿ ಹೇಳಿದೆ. "ಕಳ್ಸು, ನಾನು ಬೇಡ ಅನ್ನೋದ್ರೊಳಗೆ ಕಳ್ಸು" ಎಂದಳು.

ನಿಮ್ಮಿಂದ ಬೇಕಾದದ್ದು ಇಷ್ಟು: ದುಡ್ಡು ಕೇಳುವ ಯಾವುದರ ಮೇಲೂ 'ಫ್ರೀ' ಎಂದು ಬರೆಯದಂತೆ ತಡೆಯಿರಿ. ಹೊರಟೆ ಎಂದವರನ್ನು ಚೀಟಿ ತೋರಿಸಿ ಒಳಗೆಳೆಯುವುದನ್ನು ನಿಲ್ಲಿಸಿ. ಮೊದಲು ನಮ್ಮದರಿಂದಲೇ ಶುರುಮಾಡಿ: ಈ ಖಾತೆ ಮುಚ್ಚಿದ್ದಾರೋ ಇಲ್ಲವೋ ಎಂದು ನೀವೇ ಫೋನು ಮಾಡಿ ಕೇಳಿ. ಇವತ್ತೇ ಕೇಳಿ. ಅವಳ ಮುಂದಿನ ಗಡುವು ಶುಕ್ರವಾರ ಐದು ಗಂಟೆಗೆ.

ಇಂತಿ,
ಒಂದು ಕುದುರೆಗಾಗಿ ಹೆಂಡತಿಯ ಹೆಸರನ್ನು ಪಣಕ್ಕಿಟ್ಟ,
ನೆವಿಲ್ ಬ್ಲೆಂಕಿನ್
ಮೀನು ಸೀಳುವವ, ಗ್ರಿಮ್ಸ್‌ಬಿ