ಊಟದ ಹೊತ್ತಿಗೆ ಬರ್ತಾನೆ

೨೩ ಸೆಪ್ಟೆಂಬರ್ ೧೯೯೯

ಪ್ರೀತಿಯ ಥೇನ್,

ನೀನು ಕುಶಲವೆಂದು ನಿನ್ನ ಕಾಗದದಿಂದ ತಿಳಿಯಿತು. ನಾನೂ ಹಾಗೆಯೇ ಎಂದಿಟ್ಟುಕೋ. ನೀನು ಕೇಳಿದ್ದು ಒಂದೇ ಪ್ರಶ್ನೆ: ಹಿಮ ಬೀಳುವ ಮೊದಲು ಮನೆಗೆ ಬರಲೇ, ಬೇಡವೇ? ಅದಕ್ಕೆ ಒಂದು ಸಾಲಿನ ಉತ್ತರ ಸಾಕು. ಆ ಸಾಲು ಬರೆಯಲು ಕುಳಿತವಳು ಆಗಲೇ ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಈ ಮೇಜಿನ ಒಂದು ಕಾಲು ಗಿಡ್ಡ, ಬರೆದಾಗೆಲ್ಲ ಅಲುಗಾಡುತ್ತದೆ. ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ.

ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಪ್ರತಿ ವರ್ಷದಂತೆ ನಮ್ಮೂರಿನಲ್ಲೇ ತೆಗೆದ ಆ ಹಳೆಯ ಚಿತ್ರ ತೋರಿಸಿದರು. ಈ ಸಲ ಹೊರಗಿನವರು ಒಂದು ಬಸ್ಸು ತುಂಬ ಬಂದಿದ್ದರು. ಹಳೆಯ ಕೌಬಾಯ್ ಚಿತ್ರಗಳನ್ನು ಅವು ತಯಾರಾದ ಜಾಗಕ್ಕೇ ಹೋಗಿ ನೋಡುವ ಗುಂಪಂತೆ. ಅವರು ನಾಯಕನ ಮುಖ ನೋಡುತ್ತಿದ್ದರು, ನಮ್ಮವರು ಕುದುರೆಯ ಕಾಲು. ನಿನ್ನ ಡಿಲಾಯ್ ಚಿಕ್ಕಪ್ಪ ಮುಂದಿನ ಸಾಲಿನಲ್ಲಿ ಕೂತು, "ಲಗಾಮು ಹಿಡಿದಿರೋದು ನೋಡ್ರಪ್ಪ, ಹಸೂನ ಬಾಲ ಹಿಡಿದಂಗೆ" ಎಂದರು. ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಮಾತು. ಅಂಚೆ ಕಚೇರಿಯ ವೆಲ್ಡಾಳ ಅಪ್ಪ ಪರದೆಯ ಮೇಲೆ ಗುಂಡೇಟು ತಿಂದು ಛಾವಣಿಯಿಂದ ಉರುಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. "ನಿಜವಾಗ್ಲೂ ಸತ್ತಾಗ ನಮ್ಮಪ್ಪ ಇಷ್ಟು ಚೆನ್ನಾಗಿ ಸಾಯ್ಲಿಲ್ಲ" ಎಂದಳು ವೆಲ್ಡಾ, ಪಕ್ಕದವರಿಗೆ ಹಸಿರು ಜೆಲ್ಲಿಯ ತಟ್ಟೆ ದಾಟಿಸುತ್ತ.

ಕೊನೆಯ ದೃಶ್ಯ ನಿನಗೆ ಬಾಯಿಪಾಠ. ನಾಯಕ ಅಂಗಳದ ಗೇಟು ತೆರೆದು, ತಿರುಗಿಯೂ ನೋಡದೆ, ಕೆಂಪು ಬಂಡೆಗಳ ನಡುವೆ ಸಣ್ಣದಾಗುತ್ತ ಹೋಗಿ ಮರೆಯಾಗುತ್ತಾನೆ. ಹೊರಗಿನವರು ಕಣ್ಣೊರೆಸಿಕೊಂಡರು. ನಮ್ಮವರು ಮೊದಲು ಗೊಣಗಿದ್ದು ಗೇಟಿನ ಬಗ್ಗೆ: "ಹಾಕ್ದೇನೇ ಹೋದ ನೋಡು. ಇವನು ಹೀರೋ ಅಂತೆ." ಗೇಟು ತೆಗೆದವನೇ ಅದನ್ನು ಹಾಕಬೇಕು ಎಂಬುದನ್ನು ಪ್ರಾರ್ಥನೆಗಿಂತ ಮೊದಲು ಕಲಿಯುವ ಊರು ನಮ್ಮದು. ಆಮೇಲೆ ಎಲ್ಲರೂ ಒಟ್ಟಿಗೆ, "ಊಟದ ಹೊತ್ತಿಗೆ ಬರ್ತಾನೆ ಬಿಡಿ" ಎಂದರು. ಅವನು ಹೋದದ್ದು ಚೀಲದ ಕಣಿವೆಗೆ ತಾನೆ. ಒಳಗೆ ಅರ್ಧ ಮೈಲಿಗೆ ಗೋಡೆಯಂಥ ಬಂಡೆ. ಹೋದ ದಾರಿಯಲ್ಲೇ ವಾಪಸಾಗಬೇಕು. ಜಗತ್ತು ಅಳುವ ಕಡೆ ನಾವು ನಗುತ್ತೇವೆ ಎಂಬುದು ನಮ್ಮ ಸಣ್ಣ ಹೆಮ್ಮೆ.

ಮಾರ್ಚಿನಲ್ಲಿ ನೀನು ಹೋದ ಮೇಲೆ ನನಗೂ ಅದೇ ಮಾತು ಹೇಳಿದರು. ಚರ್ಚಿನ ಮೆಟ್ಟಿಲ ಮೇಲೆ, ದಿನಸಿ ಅಂಗಡಿಯಲ್ಲಿ: "ನಿನ್ನ ಗಂಡ ಕುದುರೆ ಇಲ್ಲೇ ಬಿಟ್ಟು ಹೋಗಿದಾನಲ್ಲ ಲಿಯೋರಾ, ಊಟದ ಹೊತ್ತಿಗೆ ಬರ್ತಾನೆ ಬಿಡು." "ಕುದುರೆ ಅಲ್ಲೇ ಇರುವಾಗ ನಾನು ನಿನ್ನನ್ನು ಬಿಟ್ಟು ಹೋದೆ ಅಂತ ಹೇಗೆ ಅಂದುಕೊಂಡೆ?" ಎಂದು ನೀನೂ ಬರೆದಿದ್ದೀಯ. ದಿನವೂ ಅದಕ್ಕೆ ಹುಲ್ಲು ಹಾಕುವಾಗ ನಾನೂ ಹಾಗೆಂದೇ ನಂಬಿದ್ದೆ. ನಂಬಿಕೆಗಿಂತ ಹುಲ್ಲು ಹಾಕುವ ಅಭ್ಯಾಸವೇ ದೊಡ್ಡದಿತ್ತೇನೋ.

ಶನಿವಾರ ಚಿತ್ರ ಮುಗಿದು ದೀಪ ಹಾಕಿದಾಗ ಹೊರಗಿನವರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಅವನು ಬರ್ತಾನೆ, ಸರಿ. ಗೇಟ್ ಹತ್ರ ಒಬ್ಬಳು ನಿಂತಿದ್ದಾಳಲ್ಲ, ಅಲ್ಲೀವರೆಗೂ ಅವಳು ಏನು ಮಾಡ್ತಾಳೆ?"

"ಅಡುಗೆ ಮಾಡ್ತಾಳಮ್ಮ, ಇನ್ನೇನು" ಎಂದರು ಡಿಲಾಯ್ ಚಿಕ್ಕಪ್ಪ. ನಗು ನಿಂತ ಮೇಲೆ ನನ್ನ ಕಡೆ ಕೈ ತೋರಿಸಿದರು. "ಅದು ಇವಳ ತಾಯಿ. ಇವಳನ್ನೇ ಕೇಳು."

ಕಥೆ ಹೇಳಿದೆ. ನಟಿ ತನ್ನ ಊರಿಗೆ ಹೊರಟುಹೋಗಿದ್ದಳು, ಬೆನ್ನು ಮಾತ್ರ ಕಾಣುವ ದೃಶ್ಯ, ಅವಳ ಉಡುಪಿಗೆ ಅಳತೆ ಸರಿಹೋದದ್ದು ಹತ್ತೊಂಬತ್ತರ ನನ್ನ ಅಮ್ಮ ಆರ್ವಿಲಾಳದ್ದು. ಹೇಳುವವರೆಗೂ ಅಲುಗಾಡಬೇಡ ಎಂದಿದ್ದರು. ಬೆಳಕು ಜಾರುತ್ತಿದೆ ಎಂದು ಎಲ್ಲರೂ ಕ್ಯಾಮೆರಾ ಹೊತ್ತು ಕಣಿವೆಗೆ ಓಡಿದರು. ಸಾಕು ಎಂದು ಹೇಳಲು ಮರೆತರು. ಸಂಜೆ ವಾಪಸ್ ಬಂದರೆ ಅಮ್ಮ ಹಾಗೆಯೇ ನಿಂತಿದ್ದಾಳೆ. ನಾಯಕ ಟೋಪಿ ತೆಗೆದು, "ಇನ್ನೂ ಇಲ್ಲೇ ಇದೀಯಾ ತಾಯಿ?" ಎಂದು ಕೇಳಿದನಂತೆ. ಎಲ್ಲರೂ ನಗಬೇಕಾದ ಕಡೆ ನಕ್ಕರು. ಹುಡುಗಿ ನಗಲಿಲ್ಲ. "ಅವಳ ಬಗ್ಗೆ ನಿಮಗೇನನ್ನಿಸುತ್ತೆ?" ಎಂದಳು.

ನೀನೇ ಬಲ್ಲೆ, ಆ ಚಿತ್ರದ ಪ್ರತಿ ಕುದುರೆಯ ಬಗ್ಗೆ ನಮ್ಮೂರಿನಲ್ಲಿ ಎರಡೆರಡು ಅಭಿಪ್ರಾಯಗಳಿವೆ. ಅವಳ ಬಗ್ಗೆ ಒಂದೂ ಇಲ್ಲ. ನಾನು ತಟ್ಟೆಗಳನ್ನು ಎತ್ತತೊಡಗಿದೆ.

ಒಂದು ಮಾತನ್ನು ನಿನಗೂ ಹೇಳಿರಲಿಲ್ಲ. ಅಮ್ಮನ ಕೊನೆಯ ಚಳಿಗಾಲದಲ್ಲಿ ಅವಳ ತಲೆ ಬಾಚುತ್ತಿದ್ದೆ. ತಾನಾಗಿಯೇ ಹೇಳಿದಳು: "ಆ ಗೇಟಿಗೆ ಎರಡೂ ಕಡೆ ಬೇಲಿನೇ ಇರಲಿಲ್ಲ ಕಣೇ. ಬಯಲಲ್ಲಿ ಬರೀ ಎರಡು ಕಂಬ, ಒಂದು ಗೇಟು. ಯಾವ ಕಡೆಯಿಂದ ಬೇಕಾದರೂ ಹೋಗಬಹುದಿತ್ತು. ನಿಂತೇ ಇದ್ದೆ ನೋಡು." ಅವಳು ನಗುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕೆ. ಅವಳ ಮುಖ ಆ ಕಡೆಗಿತ್ತು.

ಭಾನುವಾರ ಪ್ರಾರ್ಥನೆ ಮುಗಿಸಿ ನಿನ್ನ ಕುದುರೆ ಹತ್ತಿ ಚೀಲದ ಕಣಿವೆಗೆ ಹೋದೆ. ದೇವರ ದಿನ ಸವಾರಿ ಹೊರಟದ್ದನ್ನು ವೆಲ್ಡಾ ನೋಡಿದಳು, ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಿರುತ್ತದೆ. ತುದಿಯ ಬಂಡೆಯ ಹತ್ತಿರ ಇಳಿದು ಸುಮ್ಮನೆ ನೋಡಿದೆ. ಎಡಗಡೆ, ಜುನಿಪರ್ ಪೊದೆಯ ಹಿಂದಿನಿಂದ, ಕುರಿಗಳು ಹತ್ತುವಂಥ ಒಂದು ಅಂಚು ಮೇಲಕ್ಕೆ ಹೋಗುತ್ತದೆ. ಅದು ಯಾವಾಗಲೂ ಇತ್ತು. ನಮ್ಮವರು ಯಾರೂ ಕುದುರೆಯಿಂದ ಇಳಿದು ನೋಡಿರಲಿಲ್ಲ, ಅಷ್ಟೆ. ಕುದುರೆಯ ಜೊತೆ ಹೋದವನು ವಾಪಸ್ ಬರಲೇಬೇಕು. ಕುದುರೆ ಬಿಟ್ಟವರು ದಾಟಿ ಹೋಗಬಹುದು.

ಭಾನುವಾರದ ಉದ್ದ ಲಂಗ ಎತ್ತಿ ಕಟ್ಟಿಕೊಂಡು ಹತ್ತಿದೆ. ಮಂಡಿ ತರಚಿತು. ಮೇಲೆ ನಿಂತರೆ ಹೆದ್ದಾರಿ ಕಾಣುತ್ತದೆ, ಅದರ ಮೇಲೆ ಲಾರಿಗಳು. ನಿನ್ನ ಮೇಲೆ ಸಿಟ್ಟು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ನೀನು ಹೇಗೆ ಹೋದೆ ಎಂಬುದಷ್ಟೇ ಅರ್ಥವಾಯಿತು. ಕೆಳಗೆ ಕಟ್ಟಿದ್ದ ಕುದುರೆ ಕೆನೆಯಿತು, ಇಳಿದು ಬಂದೆ.

ಈಗ ಆ ಒಂದು ಸಾಲು. ಬಾ, ಥೇನ್. ಮನೆ ನಿನ್ನದೂ ಹೌದು. ಒಲೆಗೆ ಬೇಕಾದ ಸೌದೆ ಹಿಂದಿನ ಕೊಟ್ಟಿಗೆಯಲ್ಲಿದೆ, ಪೀಚ್ ಹಣ್ಣು ಭರಣಿಗಳಲ್ಲಿದೆ. ಚಳಿಗಾಲಕ್ಕೆ ಸಾಲುತ್ತದೆ.

ಒಳ್ಳೆಯದಾಗಲಿ ಎಂದು ಬಯಸುವ,
ಲಿಯೋರಾ

ಮರೆತ ಮಾತು: ಲಕೋಟೆಯ ಮೇಲಿನ ಅಂಚೆಮುದ್ರೆ ನಮ್ಮೂರಿನದಲ್ಲ ಎಂಬುದನ್ನು ಒಡೆಯುವಾಗಲೇ ನೋಡಿರುತ್ತೀಯ. ಸೋಮವಾರ ಕುದುರೆಯನ್ನು ಡಿಲಾಯ್ ಚಿಕ್ಕಪ್ಪನ ಲಾಯದಲ್ಲಿ ಕಟ್ಟಿ ಬಸ್ಸು ಹತ್ತಿದೆ. "ಊಟದ ಹೊತ್ತಿಗೆ ಬರ್ತೀಯಲ್ಲ?" ಎಂದು ಅವರು ನಗುತ್ತ ಕೇಳಿದರು, ನಾನೂ ನಕ್ಕೆ. ಇಲ್ಲಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಈ ಕುಂಟು ಮೇಜಿನ ಕೋಣೆಯೂ ಸಿಕ್ಕಿದೆ. ದನಗಳನ್ನು ವಸಂತದಲ್ಲೇ ಮಾರಿದ್ದರಿಂದ ಯಾರಿಗೂ ತೊಂದರೆಯಾಗುವುದಿಲ್ಲ, ಆದರೂ ನಿನಗೆ ಹೇಳಬೇಕು: ಹುಟ್ಟಿದಾಗಿನಿಂದ ಮೊದಲ ಸಲ, ಗೇಟು ಹಾಕದೆ ಬಂದಿದ್ದೇನೆ.