ಏಳು ಮನೆಯ ಕೇಸರಿ ಗಡ್ಡೆ

ಸೆಪ್ಟೆಂಬರ್ 12, ಬೆಳಗ್ಗೆ
ಮತ್ತೆ ಟೆಂಟಿನ ಕಾಫಿ. ಸಾಲಿನಲ್ಲಿ ನಿಂತು ಕುಡಿದೆ. ಭೂಕಂಪವಾಗಿ ಹದಿನಾರು ದಿನ. ಊರಿನ ಸುತ್ತ ತಂತಿಬೇಲಿ, ಒಳಗೆ ಯಾರನ್ನೂ ಬಿಡುವುದಿಲ್ಲ. ನನ್ನ ಮನೆ ನಿಂತಿದೆ — ಅರ್ಧ. ಅದರ ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿ ನಮ್ಮ ಏಳು ಮನೆಯವರ ಕೇಸರಿ ಗಡ್ಡೆ ಇದೆ. ಪ್ರತಿ ಬೇಸಿಗೆ ಅಗೆದು, ಆರಿಸಿ, ಆಗಸ್ಟ್ ಮುಗಿಯುವುದರೊಳಗೆ ಮತ್ತೆ ನೆಡುವ ಗಡ್ಡೆ. ಬೇರೆ ಬೀಜ ಇಲ್ಲ.

ಭೂಕಂಪಕ್ಕೆ ಮುಂಚಿನ ಶನಿವಾರವೇ ನೆಟ್ಟುಬಿಡೋಣ ಎಂದಿದ್ದ ಮೈದುನ ಎಲ್ವಿಯೊ. ನಾನೇ ತಡೆದೆ. ಹುಣ್ಣಿಮೆ ಕಳೆಯಲಿ ಎಂದೆ... ಅತ್ತೆ ಕಲಿಸಿದ ಲೆಕ್ಕ. ಹುಣ್ಣಿಮೆಗಿಂತ ಮೊದಲೇ ಬೆಟ್ಟ ಅಲುಗಿತು. ನೆಟ್ಟಿದ್ದರೆ ಉಳಿಯುತ್ತಿತ್ತು.

ಸೆಪ್ಟೆಂಬರ್ 30
ಮನೆ ಕಳೆದುಕೊಂಡವರನ್ನು ಕರಾವಳಿಯ ಹೋಟೆಲಿಗೆ ಕರೆದೊಯ್ಯಲು ಸರ್ಕಾರದ ಬಸ್ಸು ಬಂತು. ಮೂರು ಮನೆಯವರು ಹತ್ತಿದರು. ಬೀಜವೇ ಇಲ್ಲದ ಮೇಲೆ ಇಲ್ಲೇನು ಕಾಯುವುದು? ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ವಿಯೊ ಬ್ರೆಡ್ಡು ಮುರಿಯುತ್ತ, "ಅತ್ತಿಗೆ, ನಿಮ್ಮ ಹುಣ್ಣಿಮೆ ಚಂದ್ರ ಹೇಗಿದಾನೆ ಇವತ್ತು? ಕೇಳ್ಕೊಂಡೇ ಬಸ್ಸು ಹತ್ಲಾ?" ಅಂದ.
"ಹತ್ತು. ಟೆಂಟಿಗೆ ನಿನ್ನ ಗೊರಕೆ ತಪ್ಪುತ್ತೆ."
ಹತ್ತಲಿಲ್ಲ.

ಅಕ್ಟೋಬರ್ 21
ಅಗ್ನಿಶಾಮಕ ದಳದವರು ಒಬ್ಬೊಬ್ಬರನ್ನೇ ಮನೆಗೆ ಕರೆದೊಯ್ಯುತ್ತಿದ್ದಾರೆ. ಹದಿನೈದು ನಿಮಿಷ, ಒಂದು ಪೆಟ್ಟಿಗೆ. ನನ್ನ ಸರದಿ ನಾಳೆ. ಗಡ್ಡೆ ಇಷ್ಟರಲ್ಲಿ ಸತ್ತಿರುತ್ತದೆ. ಗಂಡನ ಫೋಟೋ ತರುತ್ತೇನೆ, ಸಾಕು.

ಅಕ್ಟೋಬರ್ 22, ಮಧ್ಯಾಹ್ನ
ನಿಧಾನವಾಗಿ ಬರೆಯಬೇಕು.

ಫೋಟೋ ಸಿಗಲಿಲ್ಲ, ಗೋಡೆಯೇ ಇಲ್ಲ. ಹೆಲ್ಮೆಟ್ಟಿನ ಹುಡುಗಿ, "ಇನ್ನು ಆರು ನಿಮಿಷ, ಅಮ್ಮ" ಅಂದಳು. ನೆಲಮಾಳಿಗೆಯ ಬಾಗಿಲನ್ನು ಅವಳೇ ಒದ್ದು ತೆರೆದಳು. ಟಾರ್ಚ್ ಹಾಕಿದಳು.

ನೇರಳೆ. ಎಲ್ಲ ಪೆಟ್ಟಿಗೆಗಳ ತುಂಬ ನೇರಳೆ ಬಣ್ಣ. ಮಣ್ಣಿಲ್ಲ, ನೀರಿಲ್ಲ, ಬೆಳಕಿಲ್ಲ — ಒಣ ಗಡ್ಡೆಗಳು ತಮ್ಮ ಕಾಲಕ್ಕೆ ಸರಿಯಾಗಿ ಹೂ ಬಿಟ್ಟಿವೆ. ಅರವತ್ತು ವರ್ಷ ಕೇಸರಿಯ ಜೊತೆ ಬದುಕಿದವಳು ನಾನು, ಇದನ್ನು ನೋಡಿರಲಿಲ್ಲ. ಇಷ್ಟು ದಿನ ಮಣ್ಣಿನ ಹೊರಗೆ ಬಿಟ್ಟವರಾದರೂ ಯಾರು? ಮೊಣಕಾಲೂರಿದೆ. ಇಗರ್ಜಿಯಲ್ಲೂ ಹಾಗೆ ಊರಿದ್ದಿಲ್ಲ.

"ಒಂದೇ ಪೆಟ್ಟಿಗೆ ಅಂತ ರೂಲ್ಸು" ಅಂದಳು ಹುಡುಗಿ. ಆಮೇಲೆ ವಾಕಿಟಾಕಿಯಲ್ಲಿ ಯಾರಿಗೋ, "ಇನ್ನೂ ನಾಲ್ಕು ಜನ ಬೇಕು. ಹೌದು, ಹೂವಿಗೆ."

ಅಕ್ಟೋಬರ್ 23
ಊಟದ ಟೆಂಟಿನಲ್ಲಿ ಎಲ್ಲರೂ ಕೂತು ಹೂ ಬಿಡಿಸಿದೆವು. ಒಳಗಿನ ಕೇಸರಿ ಎಳೆ ಸಣ್ಣಗಿದೆ. ಪರಿಮಳ ಅದೇ. ಹೋಟೆಲಿಗೆ ಹೋದವರಿಗೆ ಎಲ್ವಿಯೊ ಫೋನ್ ಮಾಡಿದ. "ನಿಮ್ಮ ಗಡ್ಡೆಗೆ ನಿಮಗಿಂತ ಬುದ್ಧಿ ಇದೆ, ಊರು ಬಿಟ್ಟಿಲ್ಲ. ಬಂದು ನೆಡಿ."

ಅಕ್ಟೋಬರ್ 26, ಬೆಳಗ್ಗೆ
ಎರಡು ಮನೆಯವರು ವಾಪಸ್ ಬಂದರು. ಮೂರನೆಯವರು ಬರಲಿಲ್ಲ. ಬೇಲಿಯ ಹೊರಗಿನ ಹೊಲದಲ್ಲಿ ಅವರ ಸಾಲನ್ನೂ ಹೊಡೆದಿದ್ದೇವೆ.

ಎಲ್ವಿಯೊ ಗುದ್ದಲಿ ಹಿಡಿದು ಟೆಂಟಿನ ಬಾಗಿಲಲ್ಲಿ ನಿಂತಿದ್ದಾನೆ. "ಚಂದ್ರನ್ನ ನೋಡಿದ್ರಾ, ಅತ್ತಿಗೆ?"
"ಇಲ್ಲ."
"ನಿಜವಾಗ್ಲೂ?"

ನಿಜ. ನೋಡಲೇ ಇಲ್ಲ. ಹೊಲದಲ್ಲಿ ಎಲ್ಲರೂ ಕಾಯುತ್ತಿದ್ದಾರಂತೆ. ಮೊದಲ ಗಡ್ಡೆ ನಾನೇ ಇಡಬೇಕಂತೆ. ನಾನು... ಎಲ್ಲರನ್ನೂ ಬಿಟ್ಟು, ನೆಡುವುದನ್ನು ತಡೆದ ನಾನೇ. ಎಲ್ವಿಯೊ ಕೂಗುತ್ತಿದ್ದಾನೆ, ಹೊರಟೆ—