ಹಳ್ಳದ ಬಾಯಿ ತೆರೆದ ವಾರ

ಸಾಯಗಾಂವ
19 ಜೂನ್ 2016, ರವಿವಾರ

ಮಗಳೇ ಗ್ರೇಸ,

ನಿನಗೂ ಅಳಿಯಂದಿರಿಗೂ ದೇವರ ಸಮಾಧಾನವಿರಲಿ ಎಂದು ಬರೆದು, ಮುಂದೇನು ಬರೆಯಬೇಕೆಂದು ಚಹಾ ಆರುವ ತನಕ ಕುಳಿತಿದ್ದೆ. ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಪಪ್ಪಾ, ಅವ್ವನ್ನ ಅಲ್ಲಿಂದ ತಗದೀರೋ ಇಲ್ಲೋ?" ನಾನು ಮಳೆಯ ಸುದ್ದಿ ಹೇಳಿ ಮಾತು ಹೊರಳಿಸಿದೆ. ಇದು ಅದಕ್ಕೆ ಉತ್ತರ.

ಹೋದ ವರ್ಷ ಮೇ ತಿಂಗಳಲ್ಲಿ ನೀನು ಸೋಲಾಪುರದ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಮುಟ್ಟುವುದರೊಳಗೆ ನಿನ್ನ ಅವ್ವ ಆನಂದಮ್ಮನನ್ನು ಮಣ್ಣು ಮಾಡಿಬಿಟ್ಟಿದ್ದೆವು. ಬಿಸಿಲು ಕಾಯಗೊಡಲಿಲ್ಲ. ಕಸುವಿದ್ದ ಗಂಡಸರೆಲ್ಲ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗಿದ್ದರು. ನಮ್ಮ ಸ್ಮಶಾನದ ನೆಲ ಹಾರೆಗೆ ಬಗ್ಗಲಿಲ್ಲ. ಹಳ್ಳ ಹೋಗಿ ಮಾಂಜ್ರಾ ನದಿಯನ್ನು ಕೂಡುವ ಬಾಯಿಯಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು. ವರ್ಷಗಟ್ಟಲೆ ನೀರು ಕಾಣದ ಜಾಗ. ಅದು ಹಳ್ಳವೆಂಬುದೇ ನಮಗೆ ಮರೆತುಹೋಗಿತ್ತು. ಆ ಬರದಲ್ಲಿ ಸತ್ತವರನ್ನೆಲ್ಲ ಅಲ್ಲೇ ಇಟ್ಟೆವು, ನೀರು ಇನ್ನೆಂದೂ ಬರುವುದಿಲ್ಲ ಎಂಬಂತೆ.

ಈಗ ಪಂಚಾಯ್ತಿಯಿಂದ ಆ ಬಾಯಿಯನ್ನು ಬಿಡಿಸುವ ಕೆಲಸ ನಡೆದಿದೆ. ಜಾಲಿ ಕಡಿದು, ಇಟ್ಟಂಗಿ ಭಟ್ಟಿಯವರು ಸುರಿದ ಬೂದಿ, ಚೂರು ಎತ್ತಿ, ಯಾರೋ ಹಾಕಿಕೊಂಡಿದ್ದ ತಂತಿಬೇಲಿ ಕಿತ್ತು, ನದಿಯ ತನಕ ಎಲ್ಲರಿಗೂ ಕಾಲುದಾರಿ, ನೀರಿಗೆ ಇಳಿಯಲು ಮೆಟ್ಟಿಲು. ಕಾಲೇಜಿನ ಭೂಗೋಳದ 'ಎಸ್ಚುವರಿ' ಎಂಬ ಮಾತು ನೆನಪಾಗಿ ಇಂಜಿನಿಯರರ ಮುಂದೆ ಅಂದೆ. ಅವರು ನಕ್ಕು, ಅದು ನದಿ ಸಮುದ್ರ ಕೂಡೂ ಬಾಯಿಗೆ ಅಂತಾರ್ರಿ ಸರ, ಎಂದರು. ಇರಲಿ. "ಪಬ್ಲಿಕ್ ಪ್ಲೇಸ್ ಈಸ್ ಆಫ್ ದಿ ಪಬ್ಲಿಕ್" ಎಂದು ಸಭೆಯಲ್ಲಿ ಎದ್ದು ಹೇಳಿದವನೂ ನಾನೇ. ನಿನ್ನ ಅವ್ವ ಇದ್ದಿದ್ದರೆ, ಆ ಅರ್ಧ ಇಂಗ್ಲಿಷು ಊರಿಗೆಲ್ಲ ಹಂಚಬ್ಯಾಡ್ರಿ, ಎನ್ನುತ್ತಿದ್ದಳು.

ದಂಡೆಯ ಮನೆಯ ಮಚ್ಛೇಂದ್ರ ಮಾತ್ರ ನೇರ ಕೇಳಿದ: "ಮಾಸ್ತರ, ಬಾಯಿ ತೆರೀಲಿಲ್ಲಂದ್ರ ಮುಂಚಿನಂಗ ನೀರು ನನ್ನ ಮನ್ಯಾಗ ನುಗ್ಗತದ. ತೆರದ್ರ ಆನಂದಕ್ಕನ ಮ್ಯಾಲ ಹೋಗತದ. ನಾ ಹ್ಯಾಂಗ ಹೇಳ್ಲಿ? ನೀವೇ ಹೇಳ್ರಿ." ತೆರೆಯಿರಿ ಎಂದೆ. ಹೇಳಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಕುಳಿತೆ.

ಮೊದಲ ಹನಿಗೆ ಸ್ಮಶಾನದ ನೆಲ ಮೆತ್ತಗಾದ ಮೇಲೆ, ದೊಡ್ಡ ಮಳೆಗೆ ಮುಂಚೆ ಎಲ್ಲರೂ ತಮ್ಮ ತಮ್ಮವರನ್ನು ಸ್ಮಶಾನಕ್ಕೆ ಒಯ್ದರು. ಗುರುವಾರ ನಮ್ಮ ಸರದಿ. ನಿನ್ನ ಚಿಕ್ಕಪ್ಪನ ಮಗ ಲೂಕ ಪೆಟ್ಟಿಗೆ ಮಾಡಿಸಿ ತಂದ. ಪಾಸ್ಟರು ಸಂಜೆ ಸ್ಮಶಾನಕ್ಕೇ ಬಂದರು. ಮಚ್ಛೇಂದ್ರ ಹೆಗಲು ಕೊಟ್ಟ. ಲೂಕ, "ಕಾಕಾ, ಭಾರ ಆದ್ರ ನನಗ ಕೊಡ್ರಿ" ಅಂದರೆ, "ಆಕಿ ಕೈ ರೊಟ್ಟಿ ತಿಂದೀನೋ ನಾ. ಸುಮ್ನ ನಡಿ" ಎಂದು ಗದರಿದ. ಈಗ ಅವಳು ಬೇವಿನ ಮರದ ಕೆಳಗೆ, ನಿನ್ನ ಅಜ್ಜಿಯ ಪಕ್ಕದಲ್ಲಿದ್ದಾಳೆ. ಶಿಲುಬೆಗೆ ಹೆಸರು ಬರೆಸಿದ್ದೇನೆ. ಯಾವ ನೀರೂ ಇನ್ನು ಅವಳನ್ನು ಮುಟ್ಟುವುದಿಲ್ಲ. ನೀನು ನಿಶ್ಚಿಂತೆಯಿಂದ ನಿದ್ದೆ ಮಾಡು.

ನಿನ್ನೆ ಜೋರು ಮಳೆ ಬಂತು. ಹಳ್ಳ ತುಂಬಿ ಹರಿದು ನದಿ ಸೇರಿತು. ದಾರಿಯ ತುಂಬ ಜನ. ಮುದುಕಿ ಫಕ್ರುನ್ನಿಸಾ ನೀರಲ್ಲಿ ಕಾಲಿಟ್ಟು, "ಯಾ ಅಲ್ಲಾ, ಎಷ್ಟು ತಂಪದರಿ" ಎಂದು ಅತ್ತಳು. ನಾನೂ ಹೋಗಿದ್ದೆ. ಮೇಲೆಯೇ ನಿಂತಿದ್ದೆ.

ನಿನ್ನ ಪಪ್ಪಾ,
ವಿಲ್ಸನ

ತಾ.ಕ.: ಅಂಚೆಗೆ ಹಾಕಲು ಹೋದವನು ಡಬ್ಬಿಯ ಮುಂದಿನಿಂದ ಮರಳಿ ಬಂದೆ. ಗ್ರೇಸ, ಚಳಿಗಾಲದಲ್ಲಿ ಉಸುಕಿನ ಟ್ರ್ಯಾಕ್ಟರಿನವರು ನಿನ್ನ ಅವ್ವನಿದ್ದ ಕಡೆಯ ನೆಲವನ್ನು ಬಗೆದು ಹೋಗಿದ್ದರು. ನನಗೆ ಅತ್ತ ಹೋಗುವ ಧೈರ್ಯವಿರಲಿಲ್ಲ, ಹಾಗಾಗಿ ತಿಳಿಯಲಿಲ್ಲ. ಗುರುವಾರ ಲೂಕ ಗುದ್ದಲಿ ಹಿಡಿದು "ಎಲ್ಲಿ, ದೊಡ್ಡಪ್ಪ?" ಅಂದಾಗ ಒಂದು ಕಡೆ ಕೈ ತೋರಿಸಿದೆ. ಸಿಗಲಿಲ್ಲ. ಇನ್ನೊಂದು ಕಡೆ ತೋರಿಸಿದೆ. ಹೊತ್ತು ಇಳಿಯುವ ತನಕ ಅಗೆದೆವು. ಕಡೆಗೆ ಮಚ್ಛೇಂದ್ರನೇ ಪೆಟ್ಟಿಗೆಯಲ್ಲಿ ಹಳ್ಳದ ಮಣ್ಣು ತುಂಬಿದ. ಪಾಸ್ಟರಿಗೆ ಇದು ತಿಳಿಯದು. ನೀನು ಬಂದಾಗ ಪಾಸ್ಟರ ಎದುರಿಗೆ ಬೇವಿನ ಕೆಳಗೇ ಪ್ರಾರ್ಥನೆ ಮಾಡು. ಆಮೇಲೆ ನನ್ನ ಕೈ ಹಿಡಿದು ಹಳ್ಳದ ಆ ಮೆಟ್ಟಿಲು ಇಳಿಸು. ಒಬ್ಬನಿಗೆ ಆಗುತ್ತಿಲ್ಲ.